ಹೆಗಲ ಮೇಲಿನ ನಾಲ್ಕು ತೂತು

ನಮ್ಮ ಮನೆಯಲ್ಲಿ ಎರಡು ನಾಯಿಗಳಿವೆ. ಚಿನ್ನಿಗೆ ಒಂಬತ್ತು ವರ್ಷ. ದಾರಿಯಲ್ಲಿ ಯಾವ ನಾಯಿ ಎದುರಾದರೂ ಮುಖ ತಿರುಗಿಸಿಕೊಂಡು, ಏನೋ ತುರ್ತು ಕೆಲಸವಿದ್ದವಳಂತೆ ನೆಲ ಮೂಸುತ್ತ ಮುಂದೆ ಹೋಗಿಬಿಡುತ್ತಾಳೆ. ಗುಂಡನಿಗೆ ಎರಡೂವರೆ ವರ್ಷ, ತೂಕ 28 ಕಿಲೋ, ಊರ ಉಸಾಬರಿಯೆಲ್ಲ ತನ್ನದೇ ಎಂದುಕೊಂಡಿರುವ ಪ್ರಾಣಿ. ಮನೆಯೊಳಗೆ ಇವೆರಡೂ ಒಂದೇ ಚಾಪೆಯ ಮೇಲೆ ಬೆನ್ನಿಗೆ ಬೆನ್ನು ತಾಗಿಸಿ ಮಲಗುವುದರಿಂದ ಹೊರಗೂ ಎರಡನ್ನು ಒಬ್ಬನೇ ನಿಭಾಯಿಸಬಲ್ಲೆ ಎಂದು ನಾನು ತಿಳಿದಿದ್ದೆ. ಎರಡು ಸುತ್ತು ಹೋಗಬೇಕಾದಲ್ಲಿ ಒಂದೇ ಸುತ್ತಿಗೆ ಕೆಲಸ ಮುಗಿಯುತ್ತದೆಂಬುದು ಅದರ ಹಿಂದಿದ್ದ ನಿಜವಾದ ಕಾರಣ. "ಎರಡನ್ನೂ ಒಟ್ಟಿಗೆ ಕರೆದುಕೊಂಡು ಹೋಗಬೇಡಿ, ಒಂದು ದಿನ ಎಡವಟ್ಟಾಗುತ್ತದೆ" ಎಂದು ಹೆಂಡತಿ ಹೇಳುತ್ತಲೇ ಇದ್ದಳು.

ನಾವು ದಿನವೂ ಹೋಗುವ ದಾರಿಯ ತಿರುವಿನಲ್ಲಿ ಒಂದು ಕಂದು ಬಣ್ಣದ ಬೀದಿನಾಯಿ ಮಲಗಿರುತ್ತಿತ್ತು. ಅದನ್ನು ಒಂದು ವರ್ಷದಿಂದ ನೋಡುತ್ತಿದ್ದೆ ಎಂದು ಬರೆಯಹೊರಟು ಕೈ ತಡೆಯುತ್ತಿದೆ, ಏಕೆಂದರೆ ನಾನು ಅದನ್ನು ನೋಡಿರಲಿಲ್ಲ, ದಾಟುತ್ತಿದ್ದೆ ಅಷ್ಟೇ. ಆ ಬೆಳಿಗ್ಗೆ ಅದು ಮಲಗಿರಲಿಲ್ಲ, ರಸ್ತೆಯ ನಡುವೆ ನಿಂತಿತ್ತು. ನಾನು ಮಾಡಿದ ಮೊದಲ ಕೆಲಸವೆಂದರೆ ಗುಂಡನ ಹಗ್ಗವನ್ನು ಅಂಗೈಗೆ ಎರಡು ಸುತ್ತು ಸುತ್ತಿ ಗಿಡ್ಡ ಮಾಡಿಕೊಂಡದ್ದು. ಗುಂಡನ ಬಾಲ ಅಲ್ಲಾಡುತ್ತಿದ್ದುದು ಕಂಡು, ಸ್ನೇಹವೇ ಇರಬೇಕೆಂದು ಎರಡು ಹೆಜ್ಜೆ ಮುಂದಿಟ್ಟೆ. ಆಮೇಲಿನದು ನೆನಪಿನಲ್ಲಿ ತುಂಡು ತುಂಡಾಗಿ ಉಳಿದಿದೆ: ಒಂದು ಗುರ್ರೆನ್ನುವ ಸದ್ದು, ಧೂಳು, ಕಾಲಿಗೆ ಸುತ್ತಿಕೊಂಡ ಚಿನ್ನಿಯ ಹಗ್ಗ, ಒಂದರ ಮೇಲೊಂದು ಉರುಳುತ್ತಿದ್ದ ಎರಡು ಮೈಗಳು. ಗುಂಡನ ಕೊರಳಪಟ್ಟಿ ಹಿಡಿದೆಳೆಯಲು ಕೈ ಹಾಕಿದೆ. ಕೈ ಹಿಂದಕ್ಕೆ ಬಂದಾಗ ಹೆಬ್ಬೆರಳಿನ ಬುಡದಲ್ಲಿ ರಕ್ತವಿತ್ತು. ಕಂದು ನಾಯಿ ಅಷ್ಟರಲ್ಲಿ ಕುಂಟುತ್ತ ಓಡಿತ್ತು.

ಮನೆಗೆ ಬಂದು ನಲ್ಲಿಯ ಕೆಳಗೆ ಕೈಯಿಟ್ಟು ಸೋಪು ಹಾಕಿ ತೊಳೆದೆ. 15 ನಿಮಿಷ ತೊಳೆಯಬೇಕೆಂಬುದು ಗೊತ್ತಿತ್ತು. 15 ನಿಮಿಷ ಎಷ್ಟು ದೀರ್ಘವೆಂಬುದು ಗೊತ್ತಿರಲಿಲ್ಲ. ರೇಬೀಸ್ ವೈರಾಣುವಿನ ಹೊರಕವಚ ಕೊಬ್ಬಿನದಾದ್ದರಿಂದ ಸೋಪು ಅದನ್ನು ಒಡೆಯುತ್ತದೆ. ಈ ಕಾರಣಕ್ಕೇ ಚುಚ್ಚುಮದ್ದಿಗಿಂತ ಮೊದಲು ಮಾಡಬೇಕಾದ ಕೆಲಸ ಇದು. ಗಡಿಯಾರ ನೋಡಿದರೆ ನಾಲ್ಕೇ ನಿಮಿಷ ಆಗಿತ್ತು. ಗುಂಡ ಬಾಗಿಲ ಬಳಿ ಕುಳಿತು, ಏನೂ ಆಗಿಲ್ಲವೆಂಬಂತೆ ನನ್ನನ್ನೇ ನೋಡುತ್ತಿದ್ದ. ಅವನ ಹೆಗಲ ಮೇಲೆ ಕೂದಲ ನಡುವೆ ಒಂದೇ ಒಂದು ಸಣ್ಣ ಕೆಂಪು ಚುಕ್ಕೆ ಕಾಣುತ್ತಿತ್ತು.

ಪಶುವೈದ್ಯೆ ಅಲ್ಲಿಯ ಕೂದಲನ್ನು ಬೋಳಿಸಿದಾಗ ಚುಕ್ಕೆ ನಾಲ್ಕಾಯಿತು. "ಹೊರಗೆ ಕಾಣುವುದು ತೂತು, ಒಳಗೆ ಹರಿದಿರುತ್ತದೆ" ಎಂದು ಅವರು ಒಂದು ತೂತಿನಲ್ಲಿ ಸಿರಿಂಜಿನಿಂದ ಸಲೈನ್ ಬಿಟ್ಟರು. ನೀರು ಎರಡು ಬೆರಳು ದೂರದ ಇನ್ನೊಂದು ತೂತಿನಿಂದ ಹೊರಬಂತು. ನಾಯಿಯ ಚರ್ಮ ಸಡಿಲವಾದ್ದರಿಂದ, ಕೋರೆಹಲ್ಲು ನಾಟಿದ ಮೇಲೆ ಎದುರಿನ ನಾಯಿ ತಲೆ ಒದರಿದರೆ ಚರ್ಮ ಸರಿದು, ಒಳಗಿನ ಮಾಂಸದಿಂದ ಬೇರ್ಪಟ್ಟು, ಅಲ್ಲೊಂದು ಚೀಲವೇ ಆಗಿಬಿಡುತ್ತದೆ. ಹೊರಗಿನ ತೂತು ಬೇಗ ಮುಚ್ಚಿಕೊಂಡರೆ ಒಳಗೆ ಕೀವು ಕಟ್ಟುತ್ತದೆ. ಹಾಗಾಗಿ ಅವರು ಹೊಲಿಗೆ ಹಾಕದೆ, ಗಾಯ ಒಸರಲೆಂದು ತೆರೆದೇ ಬಿಟ್ಟು, ಆ್ಯಂಟಿಬಯಾಟಿಕ್ ಕೊಟ್ಟು, ನೆಕ್ಕದಂತೆ ಕೊರಳಿಗೆ ದೊಡ್ಡ ಪ್ಲಾಸ್ಟಿಕ್ ಆಲಿಕೆ ಕಟ್ಟಿದರು. ಗುಂಡನಿಗೆ ವರ್ಷದ ರೇಬೀಸ್ ಲಸಿಕೆ ಆಗಿತ್ತಾದರೂ ಇನ್ನೊಂದು ಚುಚ್ಚಿದರು. ಆಮೇಲೆ ನನ್ನ ಕೈ ನೋಡಿ ಕೇಳಿದರು: "ಇದು ಯಾವ ನಾಯಿಯ ಹಲ್ಲು?"

"ಬೀದಿನಾಯಿಯದೇ ಡಾಕ್ಟ್ರೇ" ಎಂದೆ.

"ನೋಡಿದಿರಾ?"

ನೋಡಿರಲಿಲ್ಲ. ಜಗಳದ ನಡುವೆ ನುಗ್ಗಿದ ಕೈಗೆ ಬೀಳುವ ಕಡಿತ ಎಷ್ಟೋ ಸಲ ಸ್ವಂತ ನಾಯಿಯದೇ ಆಗಿರುತ್ತದೆಂದೂ, ಆ ಹೊತ್ತಿನಲ್ಲಿ ಅದಕ್ಕೆ ಯಜಮಾನನ ಕೈ ಯಾವುದು, ಎದುರಾಳಿಯ ಬಾಯಿ ಯಾವುದು ಎಂಬುದು ತಿಳಿಯುವುದಿಲ್ಲವೆಂದೂ ಅವರು ಹೇಳಿದರು. ನಂತರ ಆ ನಾಯಿಯ ಒಂದು ಕಿವಿಯ ಅಂಚು ಕತ್ತರಿಸಿದಂತಿತ್ತೇ ಎಂದು ಕೇಳಿದರು. ಸಂತಾನಶಕ್ತಿಹರಣ ಮಾಡಿ ಬಿಟ್ಟ ನಾಯಿಗಳನ್ನು ದೂರದಿಂದಲೇ ಗುರುತಿಸಲು ಹಾಗೆ ಕಿವಿ ಕತ್ತರಿಸುವುದುಂಟು. ಸಾಮಾನ್ಯವಾಗಿ ಆಗಲೇ ರೇಬೀಸ್ ಲಸಿಕೆಯನ್ನೂ ಹಾಕಿರುತ್ತಾರೆ. ಒಂದು ವರ್ಷ ದಿನವೂ ದಾಟಿದ ನಾಯಿಯ ಕಿವಿ ಹೇಗಿತ್ತೆಂದು ನನಗೆ ಹೇಳಲಾಗಲಿಲ್ಲ.

ಯಾವ ನಾಯಿ ಕಚ್ಚಿತೆಂಬುದು ಖಚಿತವಿಲ್ಲದಿದ್ದರೆ ಅಪಾಯದ ನಾಯಿಯೇ ಕಚ್ಚಿತೆಂದು ತಿಳಿಯಬೇಕು. ಚರ್ಮ ತೂತಾಗಿ ರಕ್ತ ಬಂದ ಕಡಿತವು ಮೂರನೆಯ, ಅಂದರೆ ಎಲ್ಲಕ್ಕಿಂತ ತೀವ್ರವಾದ, ದರ್ಜೆಗೆ ಸೇರುತ್ತದೆ. ಅದಕ್ಕೆ ಲಸಿಕೆಯೊಂದೇ ಸಾಲದು. ಲಸಿಕೆಯಿಂದ ಮೈಯಲ್ಲಿ ರಕ್ಷಣೆ ಹುಟ್ಟುವವರೆಗಿನ ದಿನಗಳಿಗೆಂದು ಸಿದ್ಧ ಪ್ರತಿಕಾಯಗಳಿರುವ ಇಮ್ಯುನೊಗ್ಲಾಬ್ಯುಲಿನ್ ಅನ್ನು ಗಾಯದ ಸುತ್ತಲೇ ಚುಚ್ಚಬೇಕು. ಆ ಸೂಜಿಯ ನೋವಿನ ಮುಂದೆ ಕಡಿತ ಏನೂ ಅಲ್ಲವೆನಿಸಿತು. ಲಸಿಕೆ ಅಂದು ಒಂದು, ಆಮೇಲೆ 3, 7, 14 ಮತ್ತು 28ನೇ ದಿನಗಳಲ್ಲಿ. ಲೂಯಿ ಪಾಶ್ಚರ್ 1885ರ ಜುಲೈನಲ್ಲಿ ಹುಚ್ಚುನಾಯಿ ಕಚ್ಚಿದ್ದ ಒಂಬತ್ತು ವರ್ಷದ ಹುಡುಗನಿಗೆ ಮೊದಲ ಬಾರಿ ಈ ಚಿಕಿತ್ಸೆ ಮಾಡಿದಾಗ 13 ಸಲ ಚುಚ್ಚಿದ್ದರಂತೆ. ನನ್ನ ಸರದಿಗಾಗಿ ಬೆಂಚಿನ ಮೇಲೆ ಕಾಯುವಾಗ ಆ ಹುಡುಗನನ್ನು ನೆನೆದು ಸಮಾಧಾನಪಟ್ಟುಕೊಂಡೆ.

ಇದರ ಜೊತೆಗೆ ವೈದ್ಯರು ಇನ್ನೊಂದು ಕೆಲಸ ಹಚ್ಚಿದರು: ಆ ನಾಯಿಯನ್ನು ಹತ್ತು ದಿನ ಗಮನಿಸಬೇಕು. ರೇಬೀಸ್ ತಗುಲಿದ ನಾಯಿಯ ಜೊಲ್ಲಿನಲ್ಲಿ ವೈರಾಣು ಬರುವುದು ಲಕ್ಷಣಗಳು ಕಾಣುವುದಕ್ಕೆ ಕೆಲವೇ ದಿನಗಳ ಮುಂಚೆ, ಲಕ್ಷಣ ಕಂಡ ಮೇಲೆ ಅದು ಹೆಚ್ಚು ದಿನ ಬದುಕುವುದಿಲ್ಲ. ಆದ್ದರಿಂದ ಕಚ್ಚಿದ ಹತ್ತು ದಿನಗಳ ನಂತರವೂ ಆರೋಗ್ಯವಾಗಿರುವ ನಾಯಿಯ ಜೊಲ್ಲಿನಲ್ಲಿ ಕಚ್ಚಿದ ದಿನ ವೈರಾಣು ಇರಲಿಲ್ಲವೆಂದೇ ಅರ್ಥ. ಹೀಗೆ, ನಾಯಿ ಸಾಯುತ್ತದೆಯೋ ಇಲ್ಲವೋ ಎಂದು ನೋಡುವುದಕ್ಕಾಗಿ ನಾನು ಆ ತಿರುವಿಗೆ ದಿನಕ್ಕೆ ಎರಡು ಸಲ ಹೋಗತೊಡಗಿದೆ.

ಮೊದಲ ಎರಡು ದಿನ ಅದು ಕಾಣಲಿಲ್ಲ. ಬೀದಿನಾಯಿ ಮೈಮೇಲೆ ಬಿದ್ದ ಕಥೆಯನ್ನು ಆ ಹೊತ್ತಿಗೆ ನಾನು ಅಕ್ಕಪಕ್ಕದವರಿಗೆ, ಸಹೋದ್ಯೋಗಿಗಳಿಗೆ, ಫೋನಿನಲ್ಲಿ ಅಕ್ಕನಿಗೆ ಹೇಳಿ ಮುಗಿಸಿದ್ದೆ. ಪ್ರತಿ ಸಲ ಹೇಳುವಾಗಲೂ ಆ ನಾಯಿ ಸ್ವಲ್ಪ ದೊಡ್ಡದಾಗುತ್ತಿತ್ತು. ಮೂರನೆಯ ದಿನ ತಿರುವಿನ ಮನೆಯ ಗೇಟಿನೊಳಗೆ ಇಣುಕಿದಾಗ ಜಗುಲಿಯ ಕೆಳಗಿನ ನೆರಳಿನಲ್ಲಿ ಅದು ಮಲಗಿತ್ತು. ಮುಂಗಾಲು ಊದಿತ್ತು. ಎಡಗಿವಿಯ ತುದಿ ಕತ್ತರಿಯಿಂದ ತೆಗೆದಂತೆ ನೇರವಾಗಿ ಇಲ್ಲವಾಗಿತ್ತು. ಆ ಮನೆಯ ಅಜ್ಜಿ ಹೊರಗೆ ಬಂದರು.

"ಈ ನಾಯಿ ನನ್ನ ನಾಯಿಗೆ ಕಚ್ಚಿತಲ್ಲ ಅಜ್ಜಿ, ಅದಕ್ಕೇ ನೋಡಿಕೊಂಡು ಹೋಗೋಣ ಅಂತ ಬಂದೆ" ಎಂದೆ.

"ಕಚ್ಚದೆ ಇನ್ನೇನು ಮಾಡೀತು ಕಣಪ್ಪಾ? ಅದು ಪಾಪ ಮುಖ ಆಚೆ ತಿರುಗಿಸಿಕೊಂಡು ನಿಂತಿತ್ತು. ನಿನ್ನ ನಾಯಿಯೇ ಹೋಗಿ ಮೇಲೆ ಬಿತ್ತು. ನಾನು ಇಲ್ಲೇ ಕೂತಿದ್ದೆ."

ಆಕೆಯ ಮಾತಿನಲ್ಲಿ ಆಪಾದನೆಯೇನೂ ಇರಲಿಲ್ಲ. ಮನೆಗೆ ಮರಳುವ ದಾರಿಯಲ್ಲಿ, ಮುಖ ತಿರುಗಿಸಿಕೊಂಡು ನಿಲ್ಲುವುದೆಂದರೆ ಚಿನ್ನಿ ದಿನವೂ ಮಾಡುವುದೇ ಅದಲ್ಲವೇ ಎಂದು ಹೊಳೆಯಿತು. ಅವಳು ಮಾಡಿದರೆ ಸಾಧು ಸ್ವಭಾವ ಎನ್ನುತ್ತಿದ್ದೆ. ಕಂದು ನಾಯಿ ಮಾಡಿದ್ದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ನನಗೆ ಜಗಳ ಬೇಡ ಎಂದು ಒಂದು ನಾಯಿ ಇನ್ನೊಂದಕ್ಕೆ ಹೇಳುವ ರೀತಿಯೇ ಅದು: ಮುಖ ಅಥವಾ ಮೈ ಪಕ್ಕಕ್ಕೆ ತಿರುಗಿಸುವುದು, ನೆಲ ಮೂಸುವುದು, ಮೂಗು ನೆಕ್ಕಿಕೊಳ್ಳುವುದು, ನಿದ್ದೆ ಬಾರದಿದ್ದರೂ ಆಕಳಿಸುವುದು. ಗುಂಡನ ಬಾಲದ ಬಗ್ಗೆಯೂ ಪಶುವೈದ್ಯೆಯನ್ನು ಕೇಳಿದೆ. ಮೈಯೆಲ್ಲ ಬಳುಕುತ್ತ ಬಾಲ ಅಗಲವಾಗಿ ಬೀಸುವುದು ಬೇರೆ. ಬಾಲ ಮೇಲಕ್ಕೆ ಸೆಟೆದು ಅದರ ತುದಿಯಷ್ಟೇ ಬಿರುಸಾಗಿ ಕಂಪಿಸುವುದು ಬೇರೆ. ಎರಡನೆಯದು ಸ್ನೇಹವಲ್ಲ, ಉದ್ವೇಗ. ನಾನು ಕಂಡು ಎರಡು ಹೆಜ್ಜೆ ಮುಂದಿಟ್ಟದ್ದು ಆ ಎರಡನೆಯ ಬಗೆಯ ಬಾಲವನ್ನು.

ಹಗ್ಗದ ವಿಷಯ ತಿಳಿದಾಗ ಇನ್ನಷ್ಟು ಮುಜುಗರವಾಯಿತು. ತಮ್ಮಷ್ಟಕ್ಕೆ ಬಿಟ್ಟರೆ ಅಪರಿಚಿತ ನಾಯಿಗಳು ಎದುರುಬದುರಾಗಿ ಬರುವುದಿಲ್ಲ. ಬಿಲ್ಲಿನಂತೆ ಬಾಗಿದ ದಾರಿಯಲ್ಲಿ ಬಂದು ಪಕ್ಕದಿಂದ ಮೂಸುತ್ತವೆ. ಹಗ್ಗ ಗಿಡ್ಡವಾದರೆ ಆ ದಾರಿ ಮುಚ್ಚಿಹೋಗುತ್ತದೆ. ಹಿಂದಕ್ಕೆ ಎಳೆದಾಗ ನಾಯಿಯ ಎದೆ ಮೇಲೇಳುತ್ತದೆ, ಮುಂಗಾಲು ನೆಲ ಬಿಡುತ್ತದೆ, ನೋಟ ನೇರವಾಗುತ್ತದೆ. ಎದುರಿನ ನಾಯಿಗೆ ಅದು ಕಾಣುವುದು ಸವಾಲಿನಂತೆಯೇ. ಜೊತೆಗೆ, ಬೀದಿನಾಯಿ ಕಂಡಾಗಲೆಲ್ಲ ಕೊರಳು ಬಿಗಿಯುತ್ತದೆಂಬುದನ್ನು ಗುಂಡ ಒಂದು ವರ್ಷದಿಂದ ನನ್ನಿಂದಲೇ ಕಲಿಯುತ್ತ ಬಂದಿದ್ದ. ಅಂಗೈಗೆ ಸುತ್ತಿದ ಹಗ್ಗದ ಗುರುತು ಮೂರನೆಯ ದಿನವೂ ನನ್ನ ಕೈಮೇಲೆ ನೀಲಿಯಾಗಿ ಉಳಿದಿತ್ತು.

ಆ ಹತ್ತು ದಿನಗಳಲ್ಲಿ ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಟ್ಟದ್ದು ಈಗಲೂ ಇದೆ: "ಬೆಳಿಗ್ಗೆ 6.20, ಎದ್ದು ನಿಂತಿತು, ತಿಂದಿತು." "ಸಂಜೆ 6.00, ನೀರು ಕುಡಿಯಿತು." ನೀರಿನ ವಿಷಯವನ್ನು ಪ್ರತಿದಿನವೂ ಬರೆದಿದ್ದೇನೆ, ಏಕೆಂದರೆ ದವಡೆ ಜೋಲುವುದು, ಜೊಲ್ಲು ಸುರಿಯುವುದು, ನುಂಗಲಾಗದಿರುವುದು ಆ ರೋಗದ ಲಕ್ಷಣಗಳು. ನಾಯಿ ನೀರು ಕುಡಿಯುವುದನ್ನು ನಾನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ: ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಚಿ ಸೌಟಿನಂತೆ ಮಾಡಿಕೊಂಡು, ನೀರನ್ನು ಅರ್ಧ ಚೆಲ್ಲಿ ಅರ್ಧ ಬಾಯಿಗೆ ಎಳೆದುಕೊಳ್ಳುತ್ತದೆ. ಅದು ಪ್ರತಿ ಸಲ ನುಂಗಿದಾಗಲೂ ನನ್ನ ಗಂಟಲು ಸಡಿಲವಾಗುತ್ತಿತ್ತು. ಗುಂಡನ ಹೆಗಲಿನ ತೂತುಗಳನ್ನು ದಿನಕ್ಕೆರಡು ಸಲ ತೊಳೆಯುತ್ತಿದ್ದ ನಾನು, ಇದರ ಊದಿದ ಕಾಲಿನ ಬಗ್ಗೆ ಮೊದಲು ಯೋಚಿಸಿದ್ದು ನಾಲ್ಕನೆಯ ದಿನ. ಪಶುವೈದ್ಯೆ ಬಂದು ದೂರದಿಂದ ನೋಡಿ, ಹಿಡಿಯಲು ಹೋದರೆ ಇನ್ನೊಂದು ಕಡಿತವಾದೀತೆಂದು, ಆಹಾರದಲ್ಲಿ ಬೆರೆಸಲು ಮಾತ್ರೆ ಕೊಟ್ಟುಹೋದರು. ಕತ್ತರಿಸಿದ ಕಿವಿ ಎಂದೋ ಹಾಕಿದ ಲಸಿಕೆಯ ಗುರುತೇ ಹೊರತು ಈಗಲೂ ರಕ್ಷಣೆ ಇದೆಯೆಂಬುದಕ್ಕೆ ಆಧಾರವಲ್ಲವೆಂದು ಎಚ್ಚರಿಸಿದರು. ನಾನು ಐದೂ ಚುಚ್ಚುಮದ್ದು ಮುಗಿಸಿದೆ. ಹತ್ತನೆಯ ದಿನ ಕಂದು ನಾಯಿ ತನ್ನ ಹಳೆಯ ಜಾಗಕ್ಕೆ ಬಂದು ಮಲಗಿತು.

ಗುಂಡನ ಪಾಠ ಆಮೇಲೆ ಮೂರು ತಿಂಗಳು ನಡೆಯಿತು. ಎರಡು ನಾಯಿಗಳಿಗೆ ಎರಡು ಸುತ್ತು ಎಂಬ ನಿಯಮ ಮೊದಲ ದಿನವೇ ಜಾರಿಗೆ ಬಂತು. ಕೊರಳಪಟ್ಟಿಯ ಬದಲು ಎದೆಗೆ ಹಾಕುವ ಹಾರ್ನೆಸ್ ಬಂತು. ಬೇರೆ ನಾಯಿ ನಲವತ್ತು ಹೆಜ್ಜೆ ದೂರದಲ್ಲಿರುವಾಗಲೇ, ಗುಂಡನ ನೋಟ ಅದರ ಮೇಲೆ ನೆಟ್ಟುಹೋಗುವುದಕ್ಕೆ ಮುಂಚೆ, ಬೇಯಿಸಿದ ಮಾಂಸದ ತುಣುಕು ಅವನ ಬಾಯಿಗೆ ಬರುತ್ತಿತ್ತು. ನೋಟ ನೆಟ್ಟಮೇಲೆ ಅವನ ಕಿವಿಗೆ ಮಾತೂ ಮೂಗಿಗೆ ಮಾಂಸವೂ ತಲುಪುವುದಿಲ್ಲ. ಆಗ ಮಾಡಬಹುದಾದದ್ದು ಬಂದ ದಾರಿಯಲ್ಲೇ ತಿರುಗಿ ದೂರ ಹೋಗುವುದೊಂದೇ. ನನ್ನ ಪಾಠ ಇನ್ನೂ ನಿಧಾನವಾಗಿ ಸಾಗಿತು. ಹಗ್ಗವನ್ನು ಸಡಿಲ ಬಿಡಬೇಕೆಂದು ತಲೆಗೆ ಗೊತ್ತಿದ್ದರೂ ಕೈ ತಾನಾಗಿ ಮಡಚಿಕೊಳ್ಳುತ್ತಿತ್ತು. ಕೊನೆಗೆ ಹಗ್ಗದ ಹಿಡಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕಂಕುಳಲ್ಲಿ ಕೊಡೆಯೊಂದನ್ನು ಇಟ್ಟುಕೊಳ್ಳುವ ಅಭ್ಯಾಸ ಮಾಡಿಕೊಂಡೆ.

ಕೊಡೆ ಹೊಡೆಯುವುದಕ್ಕಲ್ಲ. ನುಗ್ಗಿ ಬರುವ ನಾಯಿಯ ಎದುರು ಅದನ್ನು ಫಟ್ಟನೆ ಬಿಚ್ಚಿದರೆ ಅದರ ಕಣ್ಣಿಗೆ ನಮ್ಮ ನಾಯಿ ಮರೆಯಾಗಿ ದೊಡ್ಡದೊಂದು ಗೋಡೆ ಎದ್ದಂತಾಗುತ್ತದೆ. ಆ ಮೂರು ತಿಂಗಳಲ್ಲಿ ಅದನ್ನು ಬಿಚ್ಚಬೇಕಾಗಿ ಬಂದದ್ದು ಒಂದೇ ಸಲ, ಅದೂ ಯಜಮಾನರು ಹಗ್ಗವಿಲ್ಲದೆ ಬಿಟ್ಟಿದ್ದ ಸಾಕುನಾಯಿಯೊಂದಕ್ಕೆ. "ನಮ್ಮದು ಏನೂ ಮಾಡಲ್ಲ ಸಾರ್" ಎಂದು ಅವರು ದೂರದಿಂದಲೇ ಕೂಗುತ್ತಿದ್ದರು. ಉಳಿದ ಸಲವೆಲ್ಲ ಓಡದೆ ನಿಂತು, ದಿಟ್ಟಿಸದೆ ಪಕ್ಕಕ್ಕೆ ತಿರುಗಿ, ಒಂದು ಹಿಡಿ ತಿನಿಸನ್ನು ಬರುತ್ತಿರುವ ನಾಯಿಯ ಮುಂದೆ ನೆಲದ ಮೇಲೆ ಚೆಲ್ಲಿ, ಅದು ಹೆಕ್ಕುವಷ್ಟರಲ್ಲಿ ದೂರ ಸರಿದರೆ ಸಾಕಾಯಿತು. ಮತ್ತೆ ಜಗಳವೇ ಆಗಿಬಿಟ್ಟರೆ ನೀರು ಎರಚಬೇಕು, ದೊಡ್ಡ ಸದ್ದು ಮಾಡಬೇಕು, ಬಾಯಿಗಳ ನಡುವೆ ಮಾತ್ರ ಕೈ ಹಾಕಬಾರದು. ಹೆಬ್ಬೆರಳಿನ ಬುಡದ ಕಲೆ ಇದನ್ನು ನೆನಪಿಸುತ್ತಿರುತ್ತದೆ.

ಮೊನ್ನೆ ಬೆಳಿಗ್ಗೆ ಗುಂಡನೊಂದಿಗೆ ಆ ತಿರುವಿಗೆ ಬಂದಾಗ ಕಂದು ನಾಯಿ ರಸ್ತೆಯ ಅಂಚಿನಲ್ಲಿ ನಿಂತಿತ್ತು. ನಡುವೆ ಹತ್ತು ಹೆಜ್ಜೆಯೂ ಇರಲಿಲ್ಲ. ಗುಂಡ ನಿಂತ. ನನ್ನ ಬೆರಳುಗಳತ್ತ ನೋಡಿದೆ. ಹಗ್ಗ ಅವುಗಳಿಂದ ಇಳಿದು ನೆಲದ ಹತ್ತಿರ ಜೋಲಿಯಾಗಿ ತೂಗುತ್ತಿತ್ತು. ಕಂದು ನಾಯಿ ಮುಖವನ್ನು ನಿಧಾನವಾಗಿ ಗೇಟಿನ ಕಡೆಗೆ ತಿರುಗಿಸಿತು. ಗುಂಡ ಒಮ್ಮೆ ಮೂಗು ನೆಕ್ಕಿಕೊಂಡು, ಪಕ್ಕದ ಕಂಬದ ಬುಡವನ್ನು ಬಹಳ ಹೊತ್ತು ಮೂಸಿ, ಕಾಲೆತ್ತಿ, ಬಾಗಿದ ದಾರಿಯಲ್ಲಿ ಅದನ್ನು ಬಳಸಿಕೊಂಡು ನಡೆದ. ಅಜ್ಜಿ ಜಗುಲಿಯಿಂದ ಏನೋ ಹೇಳಿದರು, ನನಗೆ ಕೇಳಿಸಲಿಲ್ಲ. ಅಷ್ಟು ಹೊತ್ತೂ ಮಳೆ ಹನಿಯುತ್ತಿತ್ತು, ಕೊಡೆ ಕಂಕುಳಲ್ಲೇ ಇತ್ತು ಎಂಬುದು ತಿಳಿದದ್ದು ಮನೆಯ ಬಾಗಿಲಲ್ಲಿ, ಕೂದಲಿನಿಂದ ನೀರು ಕನ್ನಡಕದ ಮೇಲೆ ತೊಟ್ಟಿಕ್ಕಿದಾಗ.