ಮಳೆ ರಜೆ ಮುಗಿದರೂ ಬಾರದವರು

ಶಾಲೆಯ ನೆನಪು ಬರೆಯಿರಿ ಅಂದರೆ ನಮ್ಮ ಬ್ಯಾಚಿನವರೆಲ್ಲ ಹಾಕಿ ಮ್ಯಾಚುಗಳ ಬಗ್ಗೆಯೇ ಬರೆಯುತ್ತಾರೆ. ಕೊಡಗಿನ ಶಾಲೆ ಅಂದಮೇಲೆ ಹಾಕಿ ಇರಲೇಬೇಕು, ಅಲ್ವಾ? ನನಗೆ ಮಾತ್ರ ಮೊದಲು ನೆನಪಾಗುವುದು ಗಣಿತದ ಮೇಷ್ಟ್ರ ಹಾಜರಿ ಪುಸ್ತಕ.

ಜುಲೈ, ಆಗಸ್ಟ್‌ನಲ್ಲಿ ಮಳೆ ರಜೆಯ ಮೇಲೆ ಮಳೆ ರಜೆ. ಮತ್ತೆ ಶಾಲೆ ತೆರೆದಾಗ ಒಂಬತ್ತನೇ ಕ್ಲಾಸಿನ ಹಿಂದಿನ ಬೆಂಚುಗಳು ಖಾಲಿ. ಲೈನ್ ಮನೆಯ, ಅಂದರೆ ತೋಟದ ಕೂಲಿಯವರ ಸಾಲುಮನೆಯ ಮಕ್ಕಳಾದರೆ ಅಪ್ಪ-ಅಮ್ಮ ಬೇರೆ ತೋಟಕ್ಕೆ ಹೊರಟಾಗ ಅವರೂ ಗಂಟುಮೂಟೆ ಕಟ್ಟಬೇಕು. ಕಾಡಂಚಿನ ಬುಡಕಟ್ಟು ಹಾಡಿಯಿಂದ ಬರುವವರಿಗೆ ದಾರಿಯಲ್ಲಿ ಆನೆ ನಿಂತಿದ್ದರೆ ಆ ದಿನ ಶಾಲೆ ಇಲ್ಲ, ಹೀಗೇ ವಾರ ಕಳೆದರೆ ಆಮೇಲೆ ಬರೋಕೆ ನಾಚಿಕೆ. ಡಿಸೆಂಬರ್ ಬಂದರೆ ಕಾಫಿ ಕುಯ್ಲು. ಕೆಜಿ ಲೆಕ್ಕದ ಕೂಲಿ, ಮನೆಯಿಂದ ಇನ್ನೊಂದು ಜೊತೆ ಕೈ ಬಂದರೆ ಬೇಡ ಅನ್ನುವವರು ಯಾರು?

ಕಡ್ಡಾಯ ಶಿಕ್ಷಣದ ಕಾನೂನು 2010ರಲ್ಲಿ ಜಾರಿಗೆ ಬಂತು, ಅದೂ 14 ವರ್ಷದವರೆಗೆ, ಎಂಟನೇ ಕ್ಲಾಸಿನ ತನಕ. ನಮ್ಮ ಹುಡುಗರು ಬಿಡುತ್ತಿದ್ದದ್ದು ಎಂಟು ಮುಗಿದ ಮೇಲೆಯೇ.

ನಮ್ಮಪ್ಪ ತೋಟದಲ್ಲಿ ರೈಟರ್, ಕೂಲಿಯವರ ಲೆಕ್ಕ ಬರೆಯುವವರು. ಹಾಗಾಗಿ ಶಾಲೆಗೆ ಬಾರದವರನ್ನು ಹುಡುಕಿಕೊಂಡು ಮೇಷ್ಟ್ರು ಮೊದಲು ನಮ್ಮ ಮನೆಗೇ ಬಂದರು. ದಾರಿ ತೋರಿಸಲು ನಾನು ಜೊತೆಗೆ ಹೋದೆ. ಸಂಜೆ, ಕಾಫಿ ತೂಕದ ಹೊತ್ತು. ನನ್ನ ಪಕ್ಕ ಕೂರುತ್ತಿದ್ದ ಹುಡುಗ ಚೀಲ ಹೊತ್ತು ಸಾಲಿನಲ್ಲಿ ನಿಂತಿದ್ದ, ಹಣ್ಣಿನ ಅಂಟು ಹಿಡಿದು ಬೆರಳೆಲ್ಲ ಕಪ್ಪು. ನಮ್ಮನ್ನು ನೋಡಿದ್ದೇ ಕೈ ಹಿಂದಕ್ಕೆ ಕಟ್ಟಿಕೊಂಡ. ಮೇಷ್ಟ್ರು ಯಾಕೆ ಬರಲಿಲ್ಲ ಅಂತ ಕೇಳಲೇ ಇಲ್ಲ. "ಬೀಜಗಣಿತ ಎಲ್ಲಿಗೆ ನಿಲ್ಲಿಸಿದ್ವಿ ನೆನಪಿದೆಯಾ?" ಅಂದರು. ಆಮೇಲೆ ಅವನ ಅಮ್ಮನ ಹತ್ತಿರ, "ಅಕ್ಕಾ, ಕುಯ್ಲು ಮುಗಿಯಲಿ, ಕಳಿಸಿ. ಫೀಸಿನ ಚಿಂತೆ ನನಗೆ ಬಿಡಿ."

ಬಂದ. ಆದರೆ ಹಾಜರಿ ಸಾಲದು. 15 ತುಂಬಿದವರು ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಬಹುದು ಅಂತ ಗೊತ್ತಾದದ್ದೇ ಆಗ. ಮುಂದಿನ ವರ್ಷ ಫಾರ್ಮ್ ತುಂಬಿಸಿದರು, ಹಾಜರಿಯಲ್ಲಿ ಹೆಸರಿಲ್ಲದಿದ್ದರೂ ಹತ್ತನೇ ಕ್ಲಾಸಿನಲ್ಲಿ ಕೂರಿಸಿಕೊಂಡರು, ಮಧ್ಯಾಹ್ನ ನಮ್ಮ ಜೊತೆಯೇ ಊಟ. ಯಾರಾದರೂ "ಡ್ರಾಪೌಟು" ಅಂತ ಕಿಸಕ್ಕೆಂದರೆ ಮೇಷ್ಟ್ರ ಒಂದು ನೋಟ ಸಾಕಿತ್ತು.

ಪರೀಕ್ಷೆಯಲ್ಲಿ ಗಣಿತ, ಇಂಗ್ಲಿಷ್ ಎರಡೂ ಹೋದವು. ಮತ್ತೆ ತೋಟಕ್ಕೇ ಹೋಗ್ತಾನೆ ಅಂದುಕೊಂಡೆವು. ಪಾಸಾದ ವಿಷಯ ಮತ್ತೆ ಬರೆಯಬೇಕಿಲ್ಲ, ಎರಡೇ ಉಳಿದಿರೋದು ಅಂತ ಮೇಷ್ಟ್ರು ಅವನ ಅಮ್ಮನಿಗೆ ಬಿಡಿಸಿ ಹೇಳಿದರು. ಪೂರಕ ಪರೀಕ್ಷೆಯಲ್ಲಿ ಪಾಸಾದ. ರ‍್ಯಾಂಕ್ ಏನಲ್ಲ, ಗಣಿತದಲ್ಲಿ ಗಡಿ ದಾಟಿದ್ದ ಅಷ್ಟೆ. ಈಗ ಕುಶಾಲನಗರದಲ್ಲಿ ಸ್ವಂತ ಪಿಕಪ್ ಇಟ್ಟಿದ್ದಾನೆ, ತಂಗಿಯನ್ನು ಪಿಯುಸಿ ಓದಿಸಿದ.

ಮೇಷ್ಟ್ರು ಬುದ್ಧಿ ಹೇಳಿದ್ದು ಕಡಿಮೆ. ಫಾರ್ಮು, ಫೋಟೋ, ಹಿಂದಿನ ಶಾಲೆಯ ಟಿಸಿ, ಬಸ್ ಪಾಸು, ಇಂಥವಕ್ಕೆ ಓಡಾಡಿದ್ದೇ ಹೆಚ್ಚು. ಓದೋ ಮನಸ್ಸಿದ್ದ ಎಷ್ಟೋ ಮಕ್ಕಳು ಒಂದು ಟಿಸಿ ತರೋಕೆ ಆಗದೆ ನಿಂತುಬಿಡುತ್ತಾರೆ ಅನ್ನೋದು ನಾನು ಕಣ್ಣಾರೆ ಕಂಡಿದ್ದು.

ಈಗ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ. ನಿಮ್ಮ ತೋಟದ ಲೈನಿನಲ್ಲಿ ಓದು ಬಿಟ್ಟ ಹುಡುಗನೋ ಹುಡುಗಿಯೋ ಇದ್ದರೆ ಹತ್ತಿರದ ಹೈಸ್ಕೂಲಿಗೆ ಕರೆದುಕೊಂಡು ಹೋಗಿ. ಫಾರ್ಮ್ ತುಂಬೋಕೆ ಜನ ಬೇಕಿದ್ದರೆ ನಮ್ಮ ಬ್ಯಾಚಿನವರು ಭಾನುವಾರ ಸಿಗುತ್ತೇವೆ.