‘ನಾದ’ ಅಂತ ಬರೆದರೆ ‘ಏನೂ ಇಲ್ಲ’: ಒಂದು ಸ್ಪ್ಯಾನಿಷ್ ಕಾದಂಬರಿ, ಒಂದು ನೋಟ್‌ಬುಕ್ಕು

ಜೂನ್ 9

ಸ್ಪ್ಯಾನಿಷ್ ಕಲಿಯಲು ಶುರು ಮಾಡಿ ಎರಡು ವರ್ಷವಾಯಿತು. ಹೋಟೆಲ್ ರೂಮು ಕೇಳುವುದು, ಟೊಮೆಟೊ ಚೌಕಾಸಿ ಮಾಡುವುದು, ರೈಲು ಎಷ್ಟು ಹೊತ್ತಿಗೆ ಅಂತ ವಿಚಾರಿಸುವುದು, ಇಷ್ಟೇ ಆಗಿ ಬೇಜಾರು ಬಂತು. ಒಂದು ಕಾದಂಬರಿ ಹಿಡಿದು ದಿನಕ್ಕೆ ಅರ್ಧ ಪುಟದಂತೆ ಕನ್ನಡಕ್ಕೆ ತರುತ್ತಾ ಹೋಗೋಣ ಅನ್ನಿಸಿತು. ಪ್ರಕಟಣೆಗಲ್ಲ. ಲೇಖಕಿ ತೀರಿಕೊಂಡದ್ದು 2004ರಲ್ಲಿ, ಹಕ್ಕುಸ್ವಾಮ್ಯ ಇನ್ನೂ ದಶಕಗಟ್ಟಲೆ ಇರುತ್ತದೆ. ಇನ್ನೂರು ಪುಟದ ಗೆರೆ ನೋಟ್‌ಬುಕ್ಕು, ಪೆನ್ಸಿಲ್ಲು, ಒಬ್ಬಳು ಓದುಗಿ (ಅಮ್ಮ), ಇಷ್ಟೇ ಬಂಡವಾಳ.

ಆರಿಸಿಕೊಂಡದ್ದು ಕಾರ್ಮೆನ್ ಲಾಫೊರೆತ್ ಅವರ ಮೊದಲ ಕಾದಂಬರಿ. 1944ರ ಜನವರಿಯಿಂದ ಸೆಪ್ಟೆಂಬರ್ ಒಳಗೆ ಬರೆದು ಮುಗಿಸಿದ್ದು, ಆಗ ಅವರಿಗೆ ಇಪ್ಪತ್ತಮೂರು ತುಂಬುತ್ತಿತ್ತು. ವಾಕ್ಯಗಳು ಸರಳ, ಹೇಳುವವಳು ಹದಿನೆಂಟರ ಹುಡುಗಿ. ನನ್ನ ಅರೆಬೆಂದ ಸ್ಪ್ಯಾನಿಷ್‌ಗೆ ಸರಿಹೋಗುತ್ತದೆ ಅಂದುಕೊಂಡೆ. ಮೊದಲ ಪೆಟ್ಟು ಬಿದ್ದಿದ್ದು ರಟ್ಟಿನ ಮೇಲೇ.

ಹೆಸರು ‘ನಾದ’ (Nada). ಸ್ಪೇನಿನವರು ಎರಡು ಸ್ವರಗಳ ನಡುವೆ ಸಿಕ್ಕ ಆ d ಅಕ್ಷರವನ್ನು ನಮ್ಮ ‘ಡ’ ಥರ ಒತ್ತುವುದಿಲ್ಲ, ನಾಲಿಗೆ ಹಲ್ಲಿಗೆ ತಾಗಿಯೂ ತಾಗದ ಹಾಗೆ ತೇಲಿಸಿಬಿಡುತ್ತಾರೆ. ಕನ್ನಡದಲ್ಲಿ ಬರೆಯುವುದಾದರೆ ‘ದ’ನೇ ಹತ್ತಿರ. ಅರ್ಥ ‘ಏನೂ ಇಲ್ಲ’. ಅಂದರೆ ಅವರ ‘ಏನೂ ಇಲ್ಲ’ ನಮ್ಮ ಲಿಪಿಗೆ ಇಳಿದ ಕೂಡಲೇ ತಂಬೂರಿ ಹಿಡಿದು ಕೂತುಬಿಡುತ್ತದೆ. ‘ಶೂನ್ಯ’ ಅಂದರೆ ವೇದಾಂತ, ಅದರಲ್ಲೂ ನಮ್ಮಲ್ಲಿ ಆ ಪದಕ್ಕೆ ಅಲ್ಲಮನ ಭಾರ ಬೇರೆ. ‘ಬರಿದು’ ಅಂದರೆ ಕವನ ಸಂಕಲನ. ರಟ್ಟಿನ ಮೇಲೆ ಜಾಗ ಖಾಲಿ ಬಿಟ್ಟೆ.

ಜೂನ್ 23

ಮೊದಲ ವಾಕ್ಯ ಮಾತ್ರ ಸುಲಭವಾಗಿ ಬಂತು. ಟಿಕೆಟ್ಟಿನ ತೊಂದರೆಯಿಂದ ಹೇಳಿದ ರೈಲು ಬಿಟ್ಟು ಬೇರೆ ರೈಲು ಹತ್ತಿದ ಹುಡುಗಿ ನಡುರಾತ್ರಿ ಬಾರ್ಸಿಲೋನಾದಲ್ಲಿ ಇಳಿಯುತ್ತಾಳೆ, ನಿಲ್ದಾಣಕ್ಕೆ ಯಾರೂ ಬಂದಿಲ್ಲ. ಕಾರಣ ಮೊದಲು, ಒಬ್ಬಂಟಿತನ ಕೊನೆಗೆ. ಕನ್ನಡದ ವಾಕ್ಯ ನಡೆಯುವುದೂ ಹಾಗೇ ತಾನೆ? ಕ್ರಿಯಾಪದಕ್ಕೆ ಕಾಯಿಸಿ ಕಾಯಿಸಿ ಕೊನೆಯಲ್ಲಿ ‘ಇರಲಿಲ್ಲ’ ಅಂದಾಗ ಸರಿಯಾಗಿ ನಾಟಿತು.

ಹುಡುಗಿಯ ಹೆಸರು ಆಂದ್ರೆಯಾ. ಅಮ್ಮನಿಗೆ ಓದಿ ಹೇಳಿದೆ. “ಅಂದ್ರೆ? ಅಂದ್ರೆ ಏನು?” ಅಂದಳು. ಹೆಸರಮ್ಮಾ ಅಂದೆ. ಐದು ನಿಮಿಷ ನಕ್ಕಳು. ಹೆಸರು ಬದಲಿಸುವ ಹಾಗಿಲ್ಲ, ಮುಂದಿನ ವಾಕ್ಯಗಳಲ್ಲಿ ‘ಅಂದರೆ’ ಬರದ ಹಾಗೆ ನೋಡಿಕೊಳ್ಳುತ್ತಿದ್ದೇನೆ.

ನಿಲ್ದಾಣದಿಂದ ಮನೆಗೆ ಅವಳು ಹೋಗುವುದು ಕುದುರೆ ಗಾಡಿಯಲ್ಲಿ. ಅಂತರ್ಯುದ್ಧ ಮುಗಿದ ಮೇಲೆ ಹಳೆಯ ಗಾಡಿಗಳು ಮತ್ತೆ ರಸ್ತೆಗೆ ಇಳಿದಿದ್ದವು. ‘ಸಾರೋಟು’ ಬರೆದು ಹೊಡೆದು ಹಾಕಿದೆ, ದಸರಾ ಮೆರವಣಿಗೆ ನೆನಪಾಯಿತು. ‘ಜಟಕಾ’ ಇಟ್ಟೆ. ಜಟಕಾಕ್ಕೆ ಚಕ್ರ ಎರಡೇ ಅಂತ ಜಗಳಕ್ಕೆ ಬರುವವರು ಬರಲಿ, ಆ ಗಾಡಿಯ ಬಡತನ ಆ ಪದದಲ್ಲಿದೆ. ಅವಳ ಪೆಟ್ಟಿಗೆ ಹೊರಲಾರದಷ್ಟು ಭಾರ, ತುಂಬಾ ಪುಸ್ತಕ.

ಜುಲೈ 7

ಈ ವಾರ ಅನುವಾದ ಸಾಗಲಿಲ್ಲ, ಲೇಖಕಿಯ ಬದುಕು ಓದುತ್ತಾ ಕೂತೆ. ಹುಟ್ಟಿದ್ದು 1921ರ ಸೆಪ್ಟೆಂಬರ್ 6, ಬಾರ್ಸಿಲೋನಾ. ಎರಡು ವರ್ಷದ ಮಗುವಿದ್ದಾಗಲೇ ಮನೆಯವರು ಗ್ರಾನ್ ಕನಾರಿಯಾ ದ್ವೀಪಕ್ಕೆ ಹೋದರು. ಅಪ್ಪ ವಾಸ್ತುಶಿಲ್ಪಿ. ಹದಿಮೂರರ ಹೊತ್ತಿಗೆ ತಾಯಿ ಹೋದರು, ಆಮೇಲೆ ಮಲತಾಯಿ ಬಂದರು. 1939ರಲ್ಲಿ, ಯುದ್ಧ ಮುಗಿದ ಕೆಲವೇ ತಿಂಗಳಿಗೆ, ಓದುವುದಕ್ಕೆ ಅಂತ ಹುಡುಗಿ ಬಾರ್ಸಿಲೋನಾಕ್ಕೆ ಬಂದು ಆರಿಬಾವ್ ಬೀದಿಯ 36ನೇ ನಂಬರಿನ ಅಜ್ಜನ ಮನೆಯಲ್ಲಿ ಉಳಿದಳು. ಕಾದಂಬರಿಯ ಮನೆಯೂ ಆರಿಬಾವ್ ಬೀದಿಯಲ್ಲೇ ಇದೆ. ಮೂರು ವರ್ಷ ಕಳೆದು ಮ್ಯಾಡ್ರಿಡ್‌ಗೆ ಹೋಗಿ, ಕಾನೂನು ಓದಲು ಸೇರಿ, ಅದನ್ನೂ ಬಿಟ್ಟು, ಬರೆದರು.

ಇಲ್ಲೇ ನನಗೆ ನಿದ್ದೆಗೆಡಿಸಿದ ವಿಷಯ. ಲಾಫೊರೆತ್ ನಿಜವಾಗಿ ಇದ್ದದ್ದು ಅಪ್ಪನ ಕಡೆಯ ಅಜ್ಜನ ಮನೆಯಲ್ಲಿ. ಕಾದಂಬರಿಯಲ್ಲಿ ಅದನ್ನು ತಾಯಿಯ ತವರು ಮಾಡಿದ್ದಾರೆ. ಸ್ಪ್ಯಾನಿಷ್‌ಗೆ ಇದರಿಂದ ಏನೂ ವ್ಯತ್ಯಾಸವಿಲ್ಲ, ಅಪ್ಪನ ಕಡೆಯಾಗಲಿ ಅಮ್ಮನ ಕಡೆಯಾಗಲಿ ಗಂಡಸಾದರೆ ‘ತೀಯೊ’, ಹೆಂಗಸಾದರೆ ‘ತೀಯಾ’. ಕನ್ನಡದಲ್ಲಿ ಸಂಬಂಧದ ಇಡೀ ಪಟ್ಟಿಯೇ ಮಗುಚಿಕೊಳ್ಳುತ್ತದೆ. ಚಿಕ್ಕಪ್ಪ ಆಗಬೇಕಿದ್ದವನು ಸೋದರಮಾವ ಆಗುತ್ತಾನೆ.

ಜುಲೈ 14

ಸೋದರಮಾವನ ಪುರಾಣ ಮುಗಿದಿಲ್ಲ. ಮನೆಯಲ್ಲಿ ಇಬ್ಬರು ಮಾವಂದಿರು, ಹುವಾನ್ ಮತ್ತು ರೊಮಾನ್. ರೊಮಾನ್ ಮೇಲಿನ ಅಟ್ಟದ ಕೋಣೆಯಲ್ಲಿ ಒಬ್ಬನೇ ಇರುತ್ತಾನೆ, ಪಿಟೀಲು ನುಡಿಸುತ್ತಾನೆ, ಎಲ್ಲರ ಗುಟ್ಟು ಕೆದಕುತ್ತಾನೆ, ಸೊಸೆಗೆ ಒಳ್ಳೆಯ ಕಾಫಿ ಮಾಡಿಕೊಡುತ್ತಾನೆ. ಸ್ಪೇನಿನ ಓದುಗರಿಗೆ ಅವನ ನೋಟದಲ್ಲಿ ಏನೋ ಸರಿಯಿಲ್ಲ ಅನ್ನಿಸುತ್ತದೆ. ಅಮ್ಮ ಕೇಳಿದ್ದು ಬೇರೆ: “ಸೋದರಮಾವ, ಮದುವೆ ಆಗಿಲ್ಲ, ಮನೇಲಿ ಬೆಳೆದ ಸೊಸೆ. ಇವನಿಗೇ ಕೊಡ್ತಾರಾ?”

ಅಮ್ಮನ ತಪ್ಪಲ್ಲ. ನಮ್ಮ ಅಜ್ಜಿಯನ್ನು ಕೊಟ್ಟಿದ್ದು ಸೋದರಮಾವನಿಗೇ. ನಮ್ಮ ಕಡೆ ಆ ಪದದೊಳಗೆ ಒಂದು ತಾಂಬೂಲದ ತಟ್ಟೆ ಇದ್ದೇ ಇರುತ್ತದೆ. ಲಾಫೊರೆತ್ ಬರೆದಿರುವ ಅಸಹಜವಾದದ್ದು ನಮ್ಮ ಪದದಲ್ಲಿ ಸಹಜವಾಗಿ, ಕಥೆಯ ವಿಷವೇ ಇಳಿದುಹೋಗುತ್ತದೆ. ‘ಸೊಸೆ’ ತೆಗೆದೆ. ‘ಅಕ್ಕನ ಮಗಳು’ ಅಂತ ಬರೆದರೆ ಇನ್ನೂ ಹತ್ತಿರವಾಯಿತು. ಕೊನೆಗೆ ಮಾತಿನಲ್ಲಿ ಮಾತ್ರ ‘ಮಾವ’, ನಿರೂಪಣೆಯಲ್ಲಿ ಬರೀ ‘ರೊಮಾನ್’. ಪುಣ್ಯಕ್ಕೆ ಮೂಲದಲ್ಲೂ ಆಂದ್ರೆಯಾ ಅವನನ್ನು ಹೆಚ್ಚಾಗಿ ಹೆಸರು ಹಿಡಿದೇ ಹೇಳುತ್ತಾಳೆ.

ಆಂಗುಸ್ತಿಯಾಸ್ ತಾಯಿಯ ಅಕ್ಕನೋ ತಂಗಿಯೋ ಅಂತ ‘ತೀಯಾ’ ಪದ ಬಾಯಿಬಿಡುವುದಿಲ್ಲ. ಮನೆಗೆ ಬಂದ ಹುಡುಗಿಗೆ ಮೊದಲ ದಿನದಿಂದಲೇ ಲಗಾಮು ಹಾಕುವ, ಬೀದಿಯಲ್ಲಿ ಒಬ್ಬಳೇ ತಿರುಗಬೇಡ ಅನ್ನುವ ಹೆಂಗಸು. ದೊಡ್ಡಮ್ಮ ಅಂತ ಬರೆದೆ, ಯೋಚನೆಯನ್ನೂ ಮಾಡಲಿಲ್ಲ. ದೊಡ್ಡಮ್ಮನಿಗೆ ‘ನೀವು’, ಅಜ್ಜಿಗೆ ‘ನೀನು’. ಹೆಸರಿನ ಅರ್ಥ ‘ಸಂಕಟಗಳು’. ಅಲ್ಲಿ ಮೇರಿ ಮಾತೆಯ ಒಂದು ಹೆಸರೂ ಹೌದಾದ್ದರಿಂದ ಹೆಣ್ಣುಮಕ್ಕಳಿಗೆ ಇಡುತ್ತಾರೆ. ಅನುವಾದ ಮಾಡಲಿಲ್ಲ.

ಆಗಸ್ಟ್ 4

ಎರಡು ವಾರ ಜ್ವರ. ಹಾಸಿಗೆಯಲ್ಲೇ ಮುಂದಿನ ಅಧ್ಯಾಯಗಳನ್ನು ಓದಿದೆ, ಹಸಿವಿನ ಭಾಗ ಬಂತು. ದೊಡ್ಡಮ್ಮ ಮನೆ ಬಿಟ್ಟು ಕಾನ್ವೆಂಟ್ ಸೇರಿದ ಮೇಲೆ ಆಂದ್ರೆಯಾ ತನ್ನ ಊಟ ತಾನೇ ನೋಡಿಕೊಳ್ಳುತ್ತೇನೆ ಅನ್ನುತ್ತಾಳೆ. ತಿಂಗಳ ಹಣ ಕೈಗೆ ಬಂದ ಕೂಡಲೇ ಹೂವು, ತಿಂಡಿ ಅಂತ ಖರ್ಚಾಗುತ್ತದೆ, ಉಳಿದ ದಿನ ಹೊಟ್ಟೆಗೆ ತಣ್ಣೀರು ಬಟ್ಟೆ. ಅಡುಗೆಮನೆಯಲ್ಲಿ ತರಕಾರಿ ಬೇಯಿಸಿ ಬಸಿದ ನೀರನ್ನು ಕದ್ದು ಕುಡಿಯುತ್ತಾಳೆ.

ತರಕಾರಿ ಬೇಯಿಸಿ ಬಸಿದ ನೀರಿಗೆ ನಮ್ಮಲ್ಲಿ ಪದ ಸಿದ್ಧವಾಗೇ ಇದೆ, ಕಟ್ಟು. ಬರೆದೂಬಿಟ್ಟೆ. ಬೆಳಿಗ್ಗೆ ಓದಿದರೆ ಬಾಯಲ್ಲಿ ನೀರು. ಕಟ್ಟು ಅಂದ ಕೂಡಲೇ ಹುರುಳಿಕಟ್ಟಿನ ಸಾರು, ಬಸ್ಸಾರು, ಬೆಳ್ಳುಳ್ಳಿ ಒಗ್ಗರಣೆ, ಮುದ್ದೆ. ಈ ಹುಡುಗಿ ಹಸಿದು ಸಾಯುತ್ತಿದ್ದಾಳೆ, ನಾನು ಅವಳಿಗೆ ಭಾನುವಾರದ ಊಟ ಬಡಿಸಿದ್ದೇನೆ. ಅಳಿಸಿ ‘ತರಕಾರಿ ಬೆಂದ ನೀರು’ ಅಂತ ಮಾಡಿದೆ. ಸ್ಪೇನಿನಲ್ಲಿ 1939ರಲ್ಲಿ ಬಂದ ರೇಷನ್ ಕಾರ್ಡು ಹೋದದ್ದು 1952ರಲ್ಲಿ. ಕಾದಂಬರಿ ಆ ಕಾಲದ ಒಳಗಿಂದಲೇ ಬಂದಿದೆ, ಯಾರನ್ನೂ ದೂರದೆ, ಒಂದು ಲೋಟ ನೀರು ತೋರಿಸಿ ಸುಮ್ಮನಾಗುತ್ತದೆ.

ಆಗಸ್ಟ್ 18

ಬಹುಮಾನದ ಕಥೆ. ‘ದೆಸ್ತಿನೊ’ ಅನ್ನುವ ವಾರಪತ್ರಿಕೆಯ ಬಳಗದವರು, ಚಿಕ್ಕ ವಯಸ್ಸಿಗೇ ತೀರಿಕೊಂಡ ತಮ್ಮ ಸಂಪಾದಕ ಎಉಹೇನಿಯೊ ನದಾಲ್ ಹೆಸರಿನಲ್ಲಿ ಕಾದಂಬರಿ ಸ್ಪರ್ಧೆ ಶುರು ಮಾಡಿದರು. ಮೊತ್ತ 5,000 ಪೆಸೆಟಾ. 1945ರ ಜನವರಿ 6ರಂದು, ಮೂವರು ರಾಜರು ಮಕ್ಕಳಿಗೆ ಉಡುಗೊರೆ ತರುವ ಹಬ್ಬದ ದಿನ, ಬಾರ್ಸಿಲೋನಾದ ಒಂದು ಕೆಫೆಯಲ್ಲಿ ಫಲಿತಾಂಶ. ಹೆಸರಾಂತ ಪತ್ರಕರ್ತ ಸೆಸಾರ್ ಗೊನ್ಸಾಲೆಸ್ ರುವಾನೊ ಸ್ಪರ್ಧೆಯಲ್ಲಿದ್ದರು, ಗೆದ್ದದ್ದು ಯಾರೂ ಹೆಸರು ಕೇಳಿರದ ಹುಡುಗಿ. ಆ ವರ್ಷದ ಮೇ ತಿಂಗಳಲ್ಲಿ ಪುಸ್ತಕ ಬಂತು. 1947ರಲ್ಲಿ ಎದ್ಗಾರ್ ನೆವಿಲ್ ಸಿನಿಮಾ ಮಾಡಿದರು, 1948ರಲ್ಲಿ ಸ್ಪೇನಿನ ಅಕಾಡೆಮಿಯ ಫಾಸ್ತೆನ್ರಾತ್ ಬಹುಮಾನ. ದೇಶ ಬಿಟ್ಟು ಹೋಗಿದ್ದ ದೊಡ್ಡ ಕವಿ ಹುವಾನ್ ರಮೋನ್ ಹಿಮೆನೆಸ್ ಮೆಚ್ಚಿ ಪತ್ರ ಬರೆದರು.

ಅದಾದ ಮೇಲೆ ಮದುವೆ (1946, ಪತ್ರಕರ್ತ ಮನುವೆಲ್ ಸೆರೆಸಾಲೆಸ್ ಜೊತೆ), ಐದು ಮಕ್ಕಳು. ಎರಡನೇ ಕಾದಂಬರಿ ಬಂದದ್ದು 1952ರಲ್ಲಿ, ಕನಾರಿಯಾ ದ್ವೀಪದ ಕಥೆ. ನಡುವೆ 1951ರಲ್ಲಿ ಅವರಿಗೆ ಗಾಢವಾದ ಧಾರ್ಮಿಕ ಅನುಭವವಾಯಿತು. 1955ರ ಮೂರನೇ ಕಾದಂಬರಿಯಲ್ಲಿ ಅದರ ನೆರಳಿದೆ, ಅದಕ್ಕೆ ರಾಷ್ಟ್ರೀಯ ಪ್ರಶಸ್ತಿಯೂ ಬಂತು. ಆ ಪುಸ್ತಕದಲ್ಲಿ ನಾನು ನೂರು ಪುಟ ದಾಟಲಿಲ್ಲ, ನಿಜ ಹೇಳಿಬಿಡುತ್ತೇನೆ. ನಾಯಕಿಗೆ ದೇವರು ಸಿಕ್ಕಮೇಲೆ ಲೇಖಕಿ ವಿವರಿಸಲು ಶುರು ಮಾಡುತ್ತಾರೆ. ಬಾಯಿ ಮುಚ್ಚಿಕೊಂಡು ಇತರರನ್ನು ನೋಡುತ್ತಾ ಕೂರುವ ಆಂದ್ರೆಯಾಳೇ ನನಗೆ ವಾಸಿ.

ಸೆಪ್ಟೆಂಬರ್ 1

ಮೊದಲ ಅಧ್ಯಾಯ ಮುಗಿಯಿತು. 31 ನೋಟ್‌ಬುಕ್ ಪುಟ, ಅರ್ಧಕ್ಕರ್ಧ ರಬ್ಬರ್ ಉಜ್ಜಿದ್ದು. ತಿದ್ದಿದ ಪ್ರತಿಯನ್ನು ಮತ್ತೆ ತಿದ್ದುತ್ತಾ ಕೂತಾಗ ಲಾಫೊರೆತ್ ಅವರ ಕೊನೆಯ ಕಾದಂಬರಿಯ ನೆನಪಾಯಿತು. 1963ರಲ್ಲಿ ಮೂರು ಭಾಗಗಳ ಸರಣಿಯ ಮೊದಲನೆಯದು ಬಂತು. ಎರಡನೆಯದನ್ನು ಬರೆದು ಪ್ರಕಾಶಕರಿಗೂ ಕೊಟ್ಟರು. ಕರಡಚ್ಚು ತಿದ್ದುವುದಕ್ಕೆ ಅಂತ ಮನೆಗೆ ಬಂತು. ವಾಪಸ್ ಕಳಿಸಲೇ ಇಲ್ಲ. ಅದು ಪುಸ್ತಕವಾಗಿ ಹೊರಬಂದದ್ದು 2004ರಲ್ಲಿ, ಆ ವರ್ಷದ ಫೆಬ್ರುವರಿ 28ರಂದು ಅವರು ತೀರಿಕೊಂಡ ಮೇಲೆ. ಮೂರನೆಯ ಭಾಗ ಬರಲಿಲ್ಲ.

ಈ ಮೌನಕ್ಕೆ ಒಬ್ಬೊಬ್ಬರು ಒಂದೊಂದು ಕಾರಣ ಕೊಡುತ್ತಾರೆ: ಮೊದಲ ಗೆಲುವಿನ ಭಾರ, ಸಂಸಾರ, ಕಾಯಿಲೆ. 1970ರಲ್ಲಿ ಗಂಡನಿಂದ ಬೇರೆಯಾದರು, ಆಮೇಲೆ ಕೆಲಕಾಲ ರೋಮ್‌ನಲ್ಲಿದ್ದರು. ದೇಶಭ್ರಷ್ಟರಾಗಿ ಅಮೆರಿಕದಲ್ಲಿದ್ದ ಕಾದಂಬರಿಕಾರ ರಮೋನ್ ಸೆಂದೆರ್ ಅವರಿಗೆ ಬರೆದ ಪತ್ರಗಳಲ್ಲಿ ಮಾತ್ರ ಸಲೀಸಾಗಿ ಮಾತಾಡುತ್ತಾರೆ. ಅಂಥ ಕೈ ಪತ್ರಕ್ಕೆ ಓಡಿ ಪುಸ್ತಕಕ್ಕೆ ನಿಂತಿತು. ಕೊನೆಯ ವರ್ಷಗಳಲ್ಲಿ ಮಾತೂ ನಿಂತಿತು. ಮಾತಾಡದ ತಾಯಿಯ ಪಕ್ಕದಲ್ಲಿ ಕೂತ ದಿನಗಳ ಬಗ್ಗೆ ಮಗಳು ಕ್ರಿಸ್ತೀನಾ 2009ರಲ್ಲಿ ಒಂದು ಪುಸ್ತಕ ಬರೆದಿದ್ದಾರೆ, ಅದನ್ನು ತರಿಸಿದ್ದೇನೆ, ಇನ್ನೂ ತೆರೆದಿಲ್ಲ.

ಅಕ್ಟೋಬರ್ 6

ಎರಡನೆಯದನ್ನು ಸದ್ಯಕ್ಕೆ ದಾಟಿ ಮೂರನೇ ಅಧ್ಯಾಯಕ್ಕೆ ಹಾರಿದೆ (ಹೇಳುವವರಿಲ್ಲ ಕೇಳುವವರಿಲ್ಲ). ಹೆಸರಿನ ಸಮಸ್ಯೆ ಅಲ್ಲಿ ಬಿಡಿಸಿಕೊಂಡಿತು.

ಪುಸ್ತಕದ ಮೊದಲಿಗೆ ಹಿಮೆನೆಸ್ ಅವರದೇ ಒಂದು ಪದ್ಯದ ತುಣುಕಿದೆ. ಪದ್ಯದ ಹೆಸರೂ ‘ನಾದ’. ಕಹಿ ರುಚಿ, ಕೆಟ್ಟ ವಾಸನೆ, ವಿಚಿತ್ರ ಬೆಳಕು, ಒಂದು ಅಪಸ್ವರ, ಹೀಗೆ ಸಾಗುತ್ತದೆ. ಅಪಸ್ವರ ಬಂದಾಗಲೇ ನನ್ನ ಕಿವಿ ನೆಟ್ಟಗಾಗಬೇಕಿತ್ತು. ಮೂರನೇ ಅಧ್ಯಾಯದಲ್ಲಿ ರೊಮಾನ್ ಅಟ್ಟದ ಕೋಣೆಯಲ್ಲಿ ಪಿಟೀಲು ನುಡಿಸುತ್ತಾನೆ. ಹುಡುಗಿ ಒಳಗೊಳಗೇ ಕರಗಿಹೋಗಿದ್ದಾಳೆ. ಈ ಸಂಗೀತ ನಿನಗೆ ಏನು ಹೇಳುತ್ತದೆ ಅಂತ ಅವನು ಕೇಳುತ್ತಾನೆ. ಅವಳ ಉತ್ತರ: ನಾದ.

ನಮ್ಮ ಲಿಪಿಯಲ್ಲಿ ಬರೆದುಕೊಂಡು ನೋಡಿ ಅರ್ಧ ಗಂಟೆ ಸುಮ್ಮನೆ ಕೂತೆ. ನಾದ ಏನು ಹೇಳಿತು ಅಂದರೆ ನಾದ! ಸ್ಪೇನಿನ ಯಾವ ಓದುಗನಿಗೂ ಸಿಗದ ಶ್ಲೇಷೆ, ಬಳಸಿದರೆ ನನ್ನ ಜಾಣತನ ಮಾತ್ರ ಕಾಣುತ್ತದೆ. ಬಿಟ್ಟೆ.

ಅವನು ಬಿಡದೆ ಮತ್ತೆ ಕೇಳುತ್ತಾನೆ, ಅವಳು ಮತ್ತೆ ಅದೇ ಪದ ಹೇಳುತ್ತಾಳೆ. ಇಲ್ಲಿ ‘ಏನೂ ಇಲ್ಲ’ ಅಂತ ಬರೆದರೆ ಲೆಕ್ಕ ಒಪ್ಪಿಸಿದ ಹಾಗಾಗುತ್ತದೆ. ‘ಶೂನ್ಯ’ವಂತೂ ಹದಿನೆಂಟರ ಹುಡುಗಿಯ ಬಾಯಲ್ಲಿ ಬರುವ ಮಾತೇ ಅಲ್ಲ. ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮ, “ಯಾಕೋ ಸುಮ್ನೆ ಕೂತಿದೀಯ, ಏನಾಯ್ತು?” ಅಂದಳು. “ಏನಿಲ್ಲ” ಅಂದೆ.

ಪೆನ್ಸಿಲ್ ಎತ್ತಿಕೊಂಡು ಅದನ್ನೇ ಬರೆದೆ. ತಂಗಿ ಇಣುಕಿ ನೋಡಿ ಕೂಡಲೇ ಸಿನಿಮಾ ಹಾಡು ಶುರು ಮಾಡಿದಳು, ಆ ಅಪಾಯ ಇದ್ದೇ ಇದೆ. ಇರಲಿ. ರಟ್ಟಿನ ಖಾಲಿ ಜಾಗದಲ್ಲೂ ‘ಏನಿಲ್ಲ’ ಅಂತ ಬರೆದಿದ್ದೇನೆ, ಸದ್ಯಕ್ಕೆ ಪೆನ್ಸಿಲ್ಲಿನಲ್ಲೇ.

ಮುಂದಿನ ವಾರ ಎರಡನೇ ಅಧ್ಯಾಯಕ್ಕೆ ವಾಪಸ್. ನೋಟ್‌ಬುಕ್ಕು ಇನ್ನೊಂದು ಬೇಕು.