ಗೋಧಿ ಹೊಲದಲ್ಲಿ ಕಳೆದುಹೋದ ರನ್‌ವೇ

ಕೆನಡಾದ ದಕ್ಷಿಣ ಆಲ್ಬರ್ಟಾದ ಒಂದು ಸಣ್ಣ ಊರಿನ ಹೊರಗೆ, ಎರಡನೇ ಮಹಾಯುದ್ಧದ ಕಾಲದಲ್ಲಿ ಪೈಲಟ್‌ಗಳಿಗೆ ತರಬೇತಿ ಕೊಡುತ್ತಿದ್ದ ವಿಮಾನನೆಲೆಯ ನೆಲದಡಿಯ ಚರಂಡಿ ಪೈಪುಗಳನ್ನು ಪತ್ತೆಹಚ್ಚುವ ಸರ್ವೇ ಕೆಲಸವನ್ನು ನನಗೆ ವಹಿಸಲಾಗಿತ್ತು. ರನ್‌ವೇಗಳ ಡಾಂಬರನ್ನು ಎಂದೋ ಕಿತ್ತು, ಅಲ್ಲಿ ಗೋಧಿ ಬಿತ್ತಿದ್ದರು. ನೆಲದ ಮೇಲೆ ಉಳಿದಿದ್ದ ಗುರುತೆಂದರೆ ವಿಮಾನ ನಿಲ್ಲಿಸುವ ಶೆಡ್ಡಾದ ಹ್ಯಾಂಗರ್ ಒಂದರ ಕಾಂಕ್ರೀಟ್ ನೆಲದ ಮುರಿದ ಮೂಲೆ ಮಾತ್ರ.

1939ರ ಡಿಸೆಂಬರ್ 17ರಂದು ಒಟ್ಟಾವದಲ್ಲಿ ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ದೇಶಗಳು ಸಹಿ ಹಾಕಿದ ತರಬೇತಿ ಯೋಜನೆಯಡಿ, 1945ರ ಮಾರ್ಚ್ 31ಕ್ಕೆ ಅದು ಮುಗಿಯುವಷ್ಟರಲ್ಲಿ, 1,31,553 ಮಂದಿ ವಿಮಾನ ಸಿಬ್ಬಂದಿ ಹೊರಬಂದರು. ಇಂಥ ನೆಲೆಗಳಲ್ಲಿ ಮೂರು ರನ್‌ವೇಗಳು ತ್ರಿಕೋನವಾಗಿ ಕೂಡುತ್ತಿದ್ದುದಕ್ಕೆ ಕಾರಣವಿತ್ತು. ಬಾಲದ ಕೆಳಗೆ ಪುಟ್ಟ ಗಾಲಿಯಿದ್ದ ಹಾರ್ವರ್ಡ್‌ನಂಥ ವಿಮಾನವು ಅಡ್ಡಗಾಳಿಯಲ್ಲಿ ಇಳಿಯುವಾಗ ನೆಲದ ಮೇಲೆಯೇ ಗಿರ್ರನೆ ತಿರುಗಿಬಿಡುವ ಅಪಾಯವಿದ್ದುದರಿಂದ, ಹೊಸ ಕಲಿಕೆಯ ಹುಡುಗರಿಗೆ ಗಾಳಿ ಯಾವ ಕಡೆಯಿಂದ ಬೀಸಿದರೂ ಹೆಚ್ಚುಕಡಿಮೆ ಅದಕ್ಕೆ ಎದುರಾಗಿರುವ ಒಂದು ರನ್‌ವೇ ಬೇಕಿತ್ತು.

ನಾನು ಎಡವಿದ್ದು, ಪೈಪುಗಳ ಜಾಗ ತಿಳಿಯಲು ನೆಲೆಯ ಹಳೆಯ ನಕ್ಷೆಯಲ್ಲಿದ್ದ ಆ ತ್ರಿಕೋನವನ್ನು ಇಂದಿನ ಭೂಪಟದ ಮೇಲೆ ಕೂರಿಸುವಾಗ. ಆ ನಕ್ಷೆಯಲ್ಲಿ ಉತ್ತರ ತೋರಿಸುವ ಬಾಣಕ್ಕೆ ಒಂದೇ ಬದಿಯ ಮೊನೆಯಿತ್ತು. ಅದು ಕಾಂತೀಯ ಉತ್ತರದ, ಅಂದರೆ ದಿಕ್ಸೂಚಿಯ ಮುಳ್ಳು ತೋರಿಸುವ ಉತ್ತರದ, ಗುರುತೆಂದು ನನಗೆ ಗೊತ್ತಿತ್ತು. ಆದ್ದರಿಂದ ಪ್ರತಿ ಕೋನಕ್ಕೂ ದಿಕ್ಪಾತವನ್ನು, ಎಂದರೆ ಆ ಉತ್ತರಕ್ಕೂ ನಿಜವಾದ ಉತ್ತರಕ್ಕೂ ನಡುವಿನ ಕೋನವನ್ನು, ಕೂಡಿಸಿದೆ. ಕೂಡಿಸಿದ್ದು ಮಾತ್ರ ಇಂದಿನ ದಿಕ್ಪಾತವನ್ನು! ಹ್ಯಾಂಗರ್‌ನ ಮೂಲೆಯಿಂದ ಅಳೆದು ಎರಡು ಗುಂಡಿ ತೋಡಿಸಿದೆವು. ಕಪ್ಪು ಮಣ್ಣು ಬಿಟ್ಟರೆ ಬೇರೇನೂ ಸಿಗಲಿಲ್ಲ. ಜೊತೆಗಿದ್ದ ಹಿರಿಯ ಸರ್ವೇಯರ್ ನಕ್ಷೆಯನ್ನು ಟ್ರಕ್ಕಿನ ಬಾನೆಟ್ ಮೇಲೆ ಹರಡಿ, ಕೆಳಗಿನ ಅಂಚಿನಲ್ಲಿ ಮಾಸಿಹೋಗಿದ್ದ '1941' ಎಂಬ ಇಸವಿಯ ಮೇಲೆ ಬೆರಳಿಟ್ಟು, "ಇದು ಆಗಿನ ಉತ್ತರ ಅಲ್ಲವೇ?" ಎಂದಷ್ಟೇ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ, ಎರಡೂ ಅರ್ಥದಲ್ಲಿ.

ಕಾಂತೀಯ ಉತ್ತರ ಧ್ರುವ ಒಂದೆಡೆ ನಿಲ್ಲುವುದಿಲ್ಲ. 1948ರಲ್ಲಿ ಕೆನಡಾದ ಪ್ರಿನ್ಸ್ ಆಫ್ ವೇಲ್ಸ್ ದ್ವೀಪದಲ್ಲಿ ಗುರುತಿಸಲಾದ ಅದು ಈಗ ಆರ್ಕ್ಟಿಕ್ ಸಾಗರದಲ್ಲಿ ಸೈಬೀರಿಯಾದ ಕಡೆಗೆ ಸರಿದಿದೆ. ದಕ್ಷಿಣ ಆಲ್ಬರ್ಟಾದ ಪೂರ್ವ ದಿಕ್ಪಾತ ಆಗಿನಿಂದ ಈಗಿನವರೆಗೆ ಒಂಬತ್ತು ಹತ್ತು ಡಿಗ್ರಿಯಷ್ಟು ಇಳಿದಿದೆ. ಕಾಗದದ ಮೇಲೆ ಇದು ಸಣ್ಣ ವ್ಯತ್ಯಾಸವೆನಿಸುತ್ತದೆ. ಆದರೆ 900 ಮೀಟರ್ ಉದ್ದದ ರನ್‌ವೇಯ ತುದಿಗೆ ಹೋಗುವ ಹೊತ್ತಿಗೆ 140 ಮೀಟರ್‌ಗೂ ಹೆಚ್ಚಿನ ತಪ್ಪಾಗಿ ಬೆಳೆದಿರುತ್ತದೆ. ರನ್‌ವೇಯ ಮೇಲೆ ಬರೆಯುವ ಸಂಖ್ಯೆಯೂ ಅದರ ಕಾಂತೀಯ ದಿಕ್ಕಿನ ಡಿಗ್ರಿಯನ್ನು ಹತ್ತಿರದ ಹತ್ತಕ್ಕೆ ಹೊಂದಿಸಿ, ಕೊನೆಯ ಸೊನ್ನೆ ಬಿಟ್ಟು ಬರೆದದ್ದೇ ಆದ್ದರಿಂದ, ಕೆಲವು ಕಡೆ ನೆಲ ಕದಲದಿದ್ದರೂ ಸಂಖ್ಯೆಯನ್ನು ಅಳಿಸಿ ಬರೆಯಬೇಕಾಗುತ್ತದೆ.

ಇಷ್ಟನ್ನೂ ಓದಿನ ದಿನಗಳಲ್ಲಿ ಪರೀಕ್ಷೆಗೆ ಬರೆದಿದ್ದೆ ಎಂಬುದನ್ನು ಹೇಳಿಕೊಳ್ಳಲು ಈಗಲೂ ಮುಜುಗರವಾಗುತ್ತದೆ. ಆ ರಾತ್ರಿ 1941ರ ದಿಕ್ಪಾತವನ್ನು ಹಿಡಿದು ಮೂರೂ ಗೆರೆಗಳನ್ನು ಮತ್ತೆ ಎಳೆದೆ. ಮರುದಿನ ತೋಡಿದ ಮೂರನೆಯ ಗುಂಡಿಯಲ್ಲಿ ಮೊದಲು ಬೇರು ಸುತ್ತಿಕೊಂಡಿದ್ದ ಡಾಂಬರಿನ ಹೆಂಟೆಯೊಂದು, ಅದರ ಕೆಳಗೆ ಒಡೆಯದೆ ಉಳಿದಿದ್ದ ಪೈಪು ಸಿಕ್ಕಿದವು.